ತಪಾಸಣೆ ನಡೆಯುತ್ತಲೇ ಇದ್ದರೂ ಅನಾಥಾಲಯಗಳೊಳಗಿನ ಹಿಂಸೆ ಯಾಕೆ ಗೊತ್ತಾಗುವುದಿಲ್ಲ?

ಪ್ರಶ್ನೆ: ನಮ್ಮ ಪಕ್ಕದ ಬೀದಿಯ ಅನಾಥಾಲಯಕ್ಕೆ ಸರ್ಕಾರಿ ಜೀಪು ಆಗಾಗ ಬರುತ್ತದೆ. ಆದರೂ ಕೆಲವು ಕಡೆ ವರ್ಷಗಟ್ಟಲೆ ನಡೆದ ದೌರ್ಜನ್ಯ ಯಾರಿಗೂ ಗೊತ್ತಾಗಿರುವುದಿಲ್ಲ. ಹೇಗೆ?

ಉತ್ತರ: ಕಾನೂನಿನಲ್ಲಿ ಭೇಟಿಗಳಿಗೆ ಕೊರತೆಯಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 54ನೇ ಕಲಮಿನಂತೆ ತಪಾಸಣಾ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಪ್ರತಿ ಮಕ್ಕಳ ಪಾಲನಾ ಸಂಸ್ಥೆಗೆ ಹೋಗಲೇಬೇಕು. ತಂಡದಲ್ಲಿ ಕನಿಷ್ಠ ಮೂವರು, ಅವರಲ್ಲಿ ಒಬ್ಬ ಮಹಿಳೆ, ಒಬ್ಬ ವೈದ್ಯಾಧಿಕಾರಿ. ವಾರದೊಳಗೆ ವರದಿ, ಅದರ ಮೇಲೆ ತಿಂಗಳೊಳಗೆ ಕ್ರಮ. ಇದಲ್ಲದೆ ಆಸರೆ, ರಕ್ಷಣೆ ಬೇಕಾದ ಮಕ್ಕಳ ವಿಷಯ ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯೂ ತಿಂಗಳಿಗೆ ಎರಡು ಭೇಟಿಯಾದರೂ ಮಾಡಬೇಕು.

ತೊಂದರೆ ಇರುವುದು ನೋಡುವ ರೀತಿಯಲ್ಲಿ. ಏಳು ಮಕ್ಕಳಿಗೊಂದು ಶೌಚಾಲಯ, ಹತ್ತು ಮಕ್ಕಳಿಗೊಂದು ಸ್ನಾನದ ಮನೆ ಇದೆಯೇ ಎಂದು ಎಣಿಸುವುದು ಸುಲಭ. ಎಣಿಸಲೂ ಬೇಕು, ಬೇಡವೆನ್ನುತ್ತಿಲ್ಲ. ಆದರೆ ಹೊಡೆತ ರಿಜಿಸ್ಟರಿನಲ್ಲಿ ದಾಖಲಾಗುವುದಿಲ್ಲ. ಮುಂಚೆಯೇ ಫೋನ್ ಮಾಡಿ ಹೋದರೆ ಹೊಸ ಬೆಡ್‌ಶೀಟ್ ಹಾಸಿರುತ್ತದೆ, ಸೂಪರಿಂಟೆಂಡೆಂಟ್ ಬಾಗಿಲ ಬಳಿ ನಿಂತಿರುವಾಗ "ಊಟ ಚೆನ್ನಾಗಿದೆಯಾ?" ಎಂದರೆ ಮಕ್ಕಳೆಲ್ಲ ಒಂದೇ ದನಿಯಲ್ಲಿ ಹೂಂ ಎನ್ನುತ್ತಾರೆ.

ಬಿಹಾರದ ಮುಜಫ್ಫರ್‌ಪುರದಲ್ಲಿ ಆದದ್ದು ಇದಕ್ಕಿಂತ ಘೋರ. ಅಲ್ಲಿನ ಬಾಲಿಕಾ ಗೃಹದ ಲೈಂಗಿಕ ದೌರ್ಜನ್ಯ ಬಯಲಾದದ್ದು 2018ರಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ತಂಡ ರಾಜ್ಯದ 110 ಸಂಸ್ಥೆಗಳ ಸಾಮಾಜಿಕ ಲೆಕ್ಕಪರಿಶೋಧನೆ (ಹಣದ ಲೆಕ್ಕವಲ್ಲ, ಅಲ್ಲಿರುವವರ ಸ್ಥಿತಿಗತಿಯ ಪರಿಶೀಲನೆ) ಮಾಡಿದಾಗ. ಮುಂದೆ 2020ರಲ್ಲಿ ಶಿಕ್ಷೆಯಾದ 19 ಜನರಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಆಗಿನ ಅಧ್ಯಕ್ಷನೂ ಇದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಹೊರಗಿನವರ ಕಣ್ಣು ಬೇಕೆನ್ನುವುದು ಇದಕ್ಕೇ. ಆದರೆ 55ನೇ ಕಲಮು ಸ್ವತಂತ್ರ ಮೌಲ್ಯಮಾಪನವನ್ನು "ಮಾಡಬಹುದು" ಎನ್ನುತ್ತದೆಯೇ ಹೊರತು "ಮಾಡಲೇಬೇಕು" ಎನ್ನುವುದಿಲ್ಲ.

ಗಟ್ಟಿಯಾದ ತಪಾಸಣೆ ಹೇಳದೆ, ಮಕ್ಕಳು ಶಾಲೆಯಿಂದ ಬಂದ ಮೇಲೆ ನಡೆಯುತ್ತದೆ. ಮೊದಲು ತಲೆ ಎಣಿಕೆ, ಆಮೇಲೆ ಹಾಜರಿ ಪುಸ್ತಕ. ಎರಡೂ ತಾಳೆಯಾಗದಿದ್ದರೆ ಆ ಮಗು ಎಲ್ಲಿ ಎಂಬ ಪ್ರಶ್ನೆಯಿಂದಲೇ ಕೆಲಸ ಶುರು. ಅಕ್ಕಿಯ ದಾಸ್ತಾನು ಪುಸ್ತಕವನ್ನೂ ಇದೇ ಎಣಿಕೆಗೆ ಹೋಲಿಸಬೇಕು. ಯಾವ ಮಗುವನ್ನು ಮಾತಾಡಿಸಬೇಕೆಂದು ತಂಡವೇ ಆರಿಸಬೇಕು, ಸಿಬ್ಬಂದಿಗೆ ಕೇಳಿಸದ ಜಾಗದಲ್ಲಿ ಕೂರಿಸಿಕೊಳ್ಳಬೇಕು. ಓಡಿಹೋಗಿ ಸಿಕ್ಕಿದ ಮಕ್ಕಳನ್ನು, ಇತ್ತೀಚೆಗೆ ಬೇರೆಡೆಗೆ ವರ್ಗವಾದವರನ್ನು ಬಿಡಲೇಬಾರದು. ಹೆದರಿಕೆ ಕಡಿಮೆ ಇರುವುದು ಅವರಿಗೇ. ಒಂದೇ ಮಗುವಿಗೆ ಪದೇಪದೇ "ಬಿದ್ದು ಗಾಯ" ಎಂದಿದ್ದರೆ ಅದನ್ನು ಹಿಡಿಯಬೇಕಾದವರು ವೈದ್ಯಾಧಿಕಾರಿ. ಅವರು ಬಾರದ ದಿನದ ತಪಾಸಣೆ ಅರ್ಧ ತಪಾಸಣೆಯೇ. ದೂರು ಪೆಟ್ಟಿಗೆ ಕಚೇರಿಯ ಗೋಡೆಯಲ್ಲಿ ನೇತಾಡುತ್ತಿದ್ದರೆ ಅದರೊಳಗೆ ಚೀಟಿ ಬೀಳುವುದಿಲ್ಲ, ಮಲಗುವ ಕೋಣೆಯ ಹತ್ತಿರ ಇರಬೇಕು.

ನಿಮಗೆ ಅನುಮಾನ ಬಂದರೆ 1098ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರೆದುಕೊಡಿ. ಜಿಲ್ಲೆಯವರ ಮೇಲೇ ನಂಬಿಕೆ ಇಲ್ಲವಾದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗವಿದೆ. ದಿನ, ಹೊತ್ತು, ಕಂಡದ್ದು, ಕೇಳಿದ್ದು ಇಷ್ಟನ್ನು ಬೇರೆಬೇರೆಯಾಗಿ ಬರೆಯಿರಿ. ಮಕ್ಕಳ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಬೇಡಿ. ಗುರುತು ಬಯಲು ಮಾಡುವುದು 74ನೇ ಕಲಮಿನಡಿ ಅಪರಾಧ.