ಆ ಮಗು ಬದುಕಿತೇ?

ಇಂಗ್ಲೆಂಡಿನ ಪೂರ್ವಜರನ್ನು ಹುಡುಕಿಕೊಡಿ ಎಂದು ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ದೀಕ್ಷಾಸ್ನಾನದ, ಅಂದರೆ ಚರ್ಚಿನಲ್ಲಿ ಮಗುವಿಗೆ ಮಾಡಿಸುವ ಬ್ಯಾಪ್ಟಿಸಂನ, ದಾಖಲೆ ಇದ್ದೇ ಇರುತ್ತದೆ. 'ಜಾನ್, ವಿಲಿಯಂನ ಮಗ. ಹೆಸರು ಸರಿ, ಊರು ಸರಿ, ವಯಸ್ಸೂ ಹೊಂದುತ್ತದೆ. ಇವನೇ ಅಲ್ಲವೇ?' ನಾನು ತಿರುಗಿ ಕೇಳುವುದು ಒಂದೇ: ಆ ಮಗು ಬದುಕಿತೇ?

ಈ ಪ್ರಶ್ನೆಯನ್ನು ಪೆಟ್ಟು ತಿಂದು ಕಲಿತೆ. ವೃತ್ತಿಯ ಆರಂಭದಲ್ಲಿ ಒಬ್ಬರಿಗೆ ಅಚ್ಚುಕಟ್ಟಾದ ವಂಶವೃಕ್ಷ ಬರೆದುಕೊಟ್ಟಿದ್ದೆ. ಅದರ ಬುಡದಲ್ಲಿ ನಾನು ನಿಲ್ಲಿಸಿದ್ದ ಮಹಾಶಯ ಮೂರು ವಾರದ ಕೂಸಾಗಿದ್ದಾಗಲೇ ಮಣ್ಣು ಸೇರಿದ್ದ. ಹೂಳಿದವರ ಪಟ್ಟಿ ಚರ್ಚಿನ ಅದೇ ದಾಖಲೆ ಪುಸ್ತಕದಲ್ಲೇ ಇತ್ತು; ನಾನು ಆ ಪುಟಗಳನ್ನು ತಿರುವಿರಲಿಲ್ಲ.

ದೊರೆ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ಆಜ್ಞೆಯಂತೆ 1538ರಲ್ಲಿ ಪ್ಯಾರಿಷ್ ಚರ್ಚುಗಳು, ಅಂದರೆ ಆಯಾ ಊರಿನ ಚರ್ಚುಗಳು, ದೀಕ್ಷಾಸ್ನಾನ, ಮದುವೆ, ಹೂಳಿಕೆಗಳನ್ನು ಬರೆದಿಡತೊಡಗಿದವು. ಪುಸ್ತಕಕ್ಕೆ ಬರವಿಲ್ಲ, ಬರ ಇರುವುದು ಹೆಸರಿಗೆ. ಎಲ್ಲಿ ನೋಡಿದರೂ ಜಾನ್, ವಿಲಿಯಂ, ಥಾಮಸ್. ಅಣ್ಣತಮ್ಮಂದಿರೆಲ್ಲ ಅಪ್ಪನ ಹೆಸರನ್ನೇ ಮಗನಿಗಿಟ್ಟರೆ ಒಂದೇ ಊರಿನಲ್ಲಿ ಮೂವರು ಜಾನ್ ಕೂಪರ್‌ಗಳು. ಅಜ್ಜನ ಹೆಸರಿಡುವ ನಮಗೆ ಇದು ಹೊಸತಲ್ಲ. ಆದರೆ ತೀರಿಹೋದ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವುದೂ ಅಲ್ಲಿ ವಾಡಿಕೆಯಾಗಿತ್ತು.

ಹಾಗಾಗಿ ನಾನು ಬೇಕಾದವನೊಬ್ಬನ ಬೆನ್ನು ಹತ್ತುವುದಿಲ್ಲ. ಆ ಊರಿನ ಕೂಪರ್‌ಗಳನ್ನೆಲ್ಲ ಬರೆದುಕೊಂಡು, ದಂಪತಿಗೊಂದು ಹಾಳೆ ಮಾಡಿ, ಕೂಸಾಗಿದ್ದಾಗಲೇ ತೀರಿಹೋದವರ ಹೆಸರನ್ನು ಮೊದಲು ಹೊಡೆದುಹಾಕುತ್ತೇನೆ. ಉಳಿದವರ ಮಕ್ಕಳ ತಾರೀಖುಗಳು ಮಾತಾಡುತ್ತವೆ. 'ಜಾನ್‌ನ ಮಗ' ಮಾರ್ಚಿನಲ್ಲಿ, 'ಜಾನ್‌ನ ಮಗಳು' ಜುಲೈನಲ್ಲಿ ಎಂದಿದ್ದರೆ ಇಬ್ಬರು ಜಾನ್‌ಗಳಿರಬೇಕೆಂಬ ಅನುಮಾನ ಮೂಡುತ್ತದೆ. ಅನುಮಾನ ಮಾತ್ರ, ಏಕೆಂದರೆ ದೀಕ್ಷಾಸ್ನಾನ ತಡವಾಗುವುದೂ ಉಂಟು. ಇನ್ನೊಂದು ಗುಂಡಿ ಪಂಚಾಂಗದ್ದು. 1752ಕ್ಕೆ ಮುಂಚೆ ಅಲ್ಲಿ ವರ್ಷ ತಿರುಗುತ್ತಿದ್ದುದು ಮಾರ್ಚ್ 25ಕ್ಕೆ. 1740ರ ಮಾರ್ಚ್ 10 ಎಂದು ಬರೆದದ್ದು 1740ರ ಏಪ್ರಿಲ್‌ಗಿಂತ ಮೊದಲಿನದಲ್ಲ, ಹನ್ನೊಂದು ತಿಂಗಳ ನಂತರದ್ದು! ಇದನ್ನು ಮರೆತವರು ಒಬ್ಬಳೇ ತಾಯಿಯ ಮಕ್ಕಳನ್ನು ಎರಡು ಮನೆಗೆ ಹಂಚಿಬಿಡುತ್ತಾರೆ.

1754ರ ನಂತರದ ಮದುವೆಗಳು ಸ್ವಲ್ಪ ಕರುಣೆ ತೋರುತ್ತವೆ. ವಧೂವರರು, ಇಬ್ಬರು ಸಾಕ್ಷಿಗಳು ರುಜು ಹಾಕಲೇಬೇಕಿತ್ತು. ಒಬ್ಬ ಜಾನ್ ದುಂಡಗೆ ಹೆಸರು ಬರೆದಿದ್ದರೆ, ಇನ್ನೊಬ್ಬ ನಡುಗುವ ಕೈಯಲ್ಲಿ ಗುಣಾಕಾರದ ಗುರುತು ಎಳೆದಿರುತ್ತಾನೆ. ಸಾಕ್ಷಿ ಅಣ್ಣನೋ ಭಾವನೋ ಆಗಿದ್ದರೆ ಅದೃಷ್ಟ. ಪ್ರತಿ ಮದುವೆಗೂ ರುಜು ಹಾಕುವ ಚರ್ಚಿನ ಗುಮಾಸ್ತನಾದರೆ ಅದರಿಂದ ಏನೂ ದಕ್ಕದು.

'ಹಿರಿಯ', 'ಕಿರಿಯ' ಎಂಬ ವಿಶೇಷಣಗಳನ್ನು ನಂಬಿ ಕೆಟ್ಟವರು ಬಹಳ ಮಂದಿ. ಅವರು ಅಪ್ಪ ಮಗನೇ ಆಗಬೇಕಿಲ್ಲ, ಚಿಕ್ಕಪ್ಪ ಮತ್ತು ಅಣ್ಣನ ಮಗ ಇರಬಹುದು, ಸಂಬಂಧವೇ ಇಲ್ಲದವರೂ ಇರಬಹುದು. ಹಿರಿಯ ತೀರಿಕೊಂಡ ಮರುದಿನ ಕಿರಿಯನೇ ಹಿರಿಯ.

ಹೂಳಿಕೆಯ ದಾಖಲೆಯಲ್ಲಿ ವಯಸ್ಸು, ವಾಸಸ್ಥಳಗಳಿಗೆ ಅಚ್ಚಿನ ಅಂಕಣ ಬಂದದ್ದು 1813ರಲ್ಲಿ. ಅದಕ್ಕೆ ಹಿಂದೆ ಎಷ್ಟೋ ಕಡೆ ಬರೀ 'ಜಾನ್ ಕೂಪರ್' ಎಂದಿರುತ್ತದೆ. ಮೂವರಲ್ಲಿ ಸತ್ತವನು ಯಾರು? ಉಯಿಲು, ವಿಧವೆಯ ಮರುಮದುವೆ, ಬಡವರಾದರೆ ಅವರು ಯಾವ ಊರಿಗೆ ಸೇರಿದವರೆಂದು ವಿಚಾರಿಸಿದ ಕಾಗದಗಳು, ಇಷ್ಟನ್ನೂ ಜಾಲಾಡಿದ ಮೇಲೂ ಕೆಲವೊಮ್ಮೆ ಉತ್ತರ ಸಿಗುವುದಿಲ್ಲ. ಆಗ ವಂಶವೃಕ್ಷದಲ್ಲಿ ಗೆರೆಯ ಬದಲು ಚುಕ್ಕಿಗಳನ್ನಿಟ್ಟು ಕೊಡುತ್ತೇನೆ. ಹಣ ಕೊಟ್ಟವರಿಗೆ ಆ ಚುಕ್ಕಿಗಳು ಹಿಡಿಸುವುದಿಲ್ಲ.