19ನೇ ಪಿನ್ ಹೇಳುವ ಮಾತು

ಕಳೆದ ದೀಪಾವಳಿಗೆ ಮನೆ ತುಂಬಾ ಜನ. ಅಜ್ಜಿಯ ಕಾಲದ ಫೋಟೊಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ ಲ್ಯಾಪ್‌ಟಾಪಿನಲ್ಲಿ ಇಟ್ಟಿದ್ದೆ. ಊಟ ಮುಗಿಸಿ ಎಲ್ಲರೂ ಟಿವಿ ಮುಂದೆ ಕೂತರು. ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದೆ. ಪರದೆಯ ಮೇಲೆ ‘ನೋ ಸಿಗ್ನಲ್’ ಅಂತ ಬಂತು, ಅಷ್ಟೇ. ಅಕ್ಕನ ಮಗ ಎದ್ದು ಬಂದು ಕೇಬಲ್ ಕಿತ್ತು ಮತ್ತೆ ಹಾಕಿದ. ಫೋಟೊ ಬಂದೇಬಿಟ್ಟಿತು!

“ಮಾವ, ಈಗ ಹೇಗೆ ಬಂತು?” ಅಂತ ಅವನೇ ಕೇಳಿದ. ತೆಗೆದು ಹಾಕಿದರೆ ಸರಿಹೋಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಯಾಕೆ ಸರಿಹೋಗುತ್ತದೆ ಅನ್ನುವುದನ್ನು ತಿಳಿದುಕೊಂಡರೆ, ಲ್ಯಾಪ್‌ಟಾಪ್ ಮತ್ತು ಟಿವಿ ನಡುವಿನ ಮುಕ್ಕಾಲು ಜಗಳಗಳನ್ನು ನಾವೇ ಬಿಡಿಸಬಹುದು.

ಕೇಬಲ್ ಅಂದರೆ ನಲ್ಲಿಯ ಪೈಪಿನ ಹಾಗೆ, ಈ ಕಡೆಯಿಂದ ಬಿಟ್ಟಿದ್ದು ಆ ಕಡೆ ಬರುತ್ತದೆ ಅಂದುಕೊಳ್ಳುತ್ತೇವೆ. ಹಳೆಯ ಟಿವಿಗಳ ಹಳದಿ, ಕೆಂಪು, ಬಿಳಿ ಪಿನ್ನಿನ ವೈರುಗಳು ಹಾಗೇ ಇದ್ದವು. ಎಚ್‌ಡಿಎಂಐ ಹಾಗಲ್ಲ. ಇಲ್ಲಿ ಚಿತ್ರ ಹೊರಡುವ ಮೊದಲು ಎರಡೂ ಕಡೆಯವರು ಮಾತಾಡಿಕೊಳ್ಳಬೇಕು.

ಈ ಕೇಬಲಿನ ತುದಿಯಲ್ಲಿ 19 ಪಿನ್‌ಗಳಿವೆ. ಹೆಚ್ಚಿನವು ಚಿತ್ರವನ್ನು ಹೊತ್ತೊಯ್ಯುವವು. ಮಾತುಕತೆಗೆ ಇರುವವು ಕೆಲವೇ. 18ನೇ ಪಿನ್ನಿನಲ್ಲಿ ಲ್ಯಾಪ್‌ಟಾಪ್ 5 ವೋಲ್ಟ್ ಕಳಿಸುತ್ತದೆ. ಟಿವಿ ಅದನ್ನು ಪಡೆದು, 19ನೇ ಪಿನ್ನಿನ ವೋಲ್ಟೇಜ್ ಮೇಲೇರಿಸಿ ಉತ್ತರ ಕೊಡುತ್ತದೆ. ‘ನಾನಿದ್ದೇನೆ’ ಅಂತ ಓಗೊಟ್ಟ ಹಾಗೆ. ಆಮೇಲೆ 15 ಮತ್ತು 16ನೇ ಪಿನ್‌ಗಳ ಮೂಲಕ ಲ್ಯಾಪ್‌ಟಾಪ್ ಕೇಳುತ್ತದೆ: ನೀನು ಯಾರು, ಏನೇನು ತೋರಿಸಬಲ್ಲೆ?

ಟಿವಿಯೊಳಗಿನ ಪುಟ್ಟ ಮೆಮೊರಿಯಲ್ಲಿ ಇದಕ್ಕೆ ಉತ್ತರ ಬರೆದಿಟ್ಟಿರುತ್ತಾರೆ. ಅದರ ಹೆಸರು ಇಡಿಐಡಿ. 1994ರಲ್ಲಿ ಮಾನಿಟರುಗಳಿಗಾಗಿ ಬಂದ ಪದ್ಧತಿ ಇದು. ಇದರ ಮೊದಲ ಭಾಗ ಬರೀ 128 ಬೈಟ್. ಎಷ್ಟು ಚಿಕ್ಕದು ನೋಡಿ: ಕಂಪ್ಯೂಟರ್ ಸಾಮಾನ್ಯವಾಗಿ ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬಳಸುತ್ತದೆ. ಆ ಲೆಕ್ಕದಲ್ಲಿ ಇಲ್ಲಿ 42 ಚಿಹ್ನೆ ಹಿಡಿಯುತ್ತದೆ, ಒಂದು ಚಿಕ್ಕ ವಾಕ್ಯ. ಅಷ್ಟರಲ್ಲೇ ತಯಾರಕರ ಗುರುತು, ಟಿವಿ ಹುಟ್ಟಿದ ವರ್ಷ, ಪರದೆ ಎಷ್ಟು ಸೆಂಟಿಮೀಟರ್, ಯಾವ ಯಾವ ಅಳತೆಯ ಚಿತ್ರ ಹಿಡಿಸುತ್ತದೆ ಅನ್ನುವುದೆಲ್ಲ ಇರುತ್ತದೆ. ಎಚ್‌ಡಿಎಂಐ ಟಿವಿಗಳಲ್ಲಿ ಇದಕ್ಕೆ ಇನ್ನೊಂದು ಭಾಗ ಸೇರಿರುತ್ತದೆ. ‘ನನಗೆ ಸ್ಪೀಕರ್ ಕೂಡ ಇದೆ’ ಅಂತ ಟಿವಿ ಹೇಳುವುದು ಅಲ್ಲೇ.

ಈಗ ಆ ಸಂಜೆಗೆ ಬರೋಣ. ಪಿನ್ನಿನ ಮೇಲೆ ಚೂರು ಧೂಳಿತ್ತೋ, ಕೇಬಲ್ ಅರ್ಧ ಮಾತ್ರ ಕೂತಿತ್ತೋ, ಒಟ್ಟಿನಲ್ಲಿ ಟಿವಿ ಹೇಳಿದ್ದು ಲ್ಯಾಪ್‌ಟಾಪಿಗೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಒಮ್ಮೆ ತಪ್ಪಾಗಿ ಕೇಳಿಸಿಕೊಂಡ ಲ್ಯಾಪ್‌ಟಾಪ್ ತಾನಾಗಿ ಮತ್ತೆ ಕೇಳದೇ ಇರಬಹುದು. 19ನೇ ಪಿನ್ನಿನ ವೋಲ್ಟೇಜ್ ಕೆಳಗಿಳಿದು ಮೇಲೇರಿದರೆ ಮಾತ್ರ ಅದಕ್ಕೆ ಹೊಸದಾಗಿ ವಿಚಾರಿಸಬೇಕು ಅಂತ ಗೊತ್ತಾಗುತ್ತದೆ. ಕೇಬಲ್ ಕಿತ್ತು ಹಾಕಿದಾಗ ಆಗುವುದು ಇದೇ. ಈ ಇಳಿತ ಕನಿಷ್ಠ 100 ಮಿಲಿಸೆಕೆಂಡ್ ಇರಬೇಕು ಅಂತ ನಿಯಮವಿದೆ. ಹಾಗಾಗಿ ಕಿತ್ತ ಮೇಲೆ ಅವಸರ ಬೇಡ, ಒಂದೆರಡು ಸೆಕೆಂಡ್ ಬಿಟ್ಟು ಗಟ್ಟಿಯಾಗಿ ಕೂರಿಸಿ.

ಅದಕ್ಕೂ ಮೊದಲು ರಿಮೋಟಿನ ಸೋರ್ಸ್ ಬಟನ್ ಒತ್ತಿ, ಕೇಬಲ್ ಯಾವ ತೂತಿನಲ್ಲಿದೆಯೋ ಅದೇ ಎಚ್‌ಡಿಎಂಐ ಆರಿಸಿದ್ದೀರಾ ನೋಡಿ. ವಿಂಡೋಸ್ ಆದರೆ ವಿಂಡೋಸ್ ಕೀ ಜೊತೆ ಪಿ ಒತ್ತಿ ‘ಡೂಪ್ಲಿಕೇಟ್’ ಆರಿಸಿ. ಟೈಪ್-ಸಿ ತೂತಿನಿಂದ ಅಡಾಪ್ಟರ್ ಹಾಕುವವರು ಇನ್ನೊಂದು ವಿಷಯ ಗಮನಿಸಬೇಕು. ನೋಡಲು ಒಂದೇ ಥರ ಇದ್ದರೂ ಎಲ್ಲ ಟೈಪ್-ಸಿ ತೂತುಗಳಿಂದ ಚಿತ್ರ ಹೊರಗೆ ಬರುವುದಿಲ್ಲ.

ಇಡಿಐಡಿ ಚಿಪ್ಪಿಗೆ ಬೇಕಾದ ಕರೆಂಟನ್ನು ಲ್ಯಾಪ್‌ಟಾಪಿನ ಆ 5 ವೋಲ್ಟೇ ಕೊಡಬಲ್ಲದು. ಅಂದರೆ ಟಿವಿ ಆಫ್ ಆಗಿದ್ದರೂ ತನ್ನ ಪರಿಚಯ ಹೇಳಬಲ್ಲದು. ಕೆಲವು ಟಿವಿಗಳು ನಿಜಕ್ಕೂ ಹಾಗೆ ಮಾಡುತ್ತವೆ. ಆಗ ಲ್ಯಾಪ್‌ಟಾಪ್ ಇನ್ನೊಂದು ಪರದೆ ಇದೆ ಅಂತಲೇ ತಿಳಿಯುತ್ತದೆ. ಲ್ಯಾಪ್‌ಟಾಪಿನಲ್ಲಿ ತೆರೆದ ವಿಂಡೋಗಳು ಆ ಕತ್ತಲ ಪರದೆಗೆ ಹೋಗಿ ಕೂರಬಹುದು. ಫೈಲ್ ಕಾಣೆಯಾಯಿತು ಅಂತ ಹುಡುಕುವ ಮೊದಲು ಕೇಬಲ್ ಕಿತ್ತು ನೋಡಿ.

ಚಿತ್ರ ಬಂತು, ಶಬ್ದ ಇಲ್ಲ. ಇದೂ ಜಾಸ್ತಿ ಕೇಳಿಬರುವ ದೂರು. ಶಬ್ದಕ್ಕೆ ಬೇರೆ ತಂತಿ ಇರಬೇಕು ಅನ್ನಿಸುತ್ತದೆ ಅಲ್ವಾ? ಇಲ್ಲ. ಫುಲ್ ಎಚ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆ. ಆದರೆ ಕೇಬಲಿನಲ್ಲಿ ಹೋಗುವುದು 2200ಕ್ಕೆ 1125ರ ಲೆಕ್ಕದಲ್ಲಿ. ಉಳಿದ ಜಾಗ ಖಾಲಿ. ಹಳೆಯ ಡಬ್ಬಿ ಟಿವಿಗಳಲ್ಲಿ ಎಲೆಕ್ಟ್ರಾನ್ ಕಿರಣ ಒಂದು ಸಾಲು ಬರೆದು ಮುಗಿಸಿ ಮುಂದಿನ ಸಾಲಿಗೆ ಬರಲು ಬಿಡುವು ಬೇಕಿತ್ತು. ಆ ಕಿರಣ ಈಗಿಲ್ಲ, ಬಿಡುವು ಮಾತ್ರ ಉಳಿದಿದೆ. ಶಬ್ದ ಸಾಗುವುದು ಆ ಬಿಡುವಿನಲ್ಲೇ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಟಿವಿ ತನಗೆ ಸ್ಪೀಕರ್ ಇದೆ ಅಂದದ್ದು ಕೇಳಿಸಿದ ಮೇಲೇ ಲ್ಯಾಪ್‌ಟಾಪ್ ಅಲ್ಲಿ ಶಬ್ದ ತುಂಬುತ್ತದೆ. ಹೆಚ್ಚಿನ ಸಲ ಸೌಂಡ್ ಗುರುತಿನ ಮೇಲೆ ಒತ್ತಿ ಟಿವಿಯ ಹೆಸರು ಆರಿಸಿದರೆ ಸಾಕು. ಹಳೆಯ ನೀಲಿ ಮೂತಿಯ ವಿಜಿಎ ಕೇಬಲ್ ಆದರೆ ಅದರಲ್ಲಿ ಶಬ್ದ ಬರುವ ದಾರಿಯೇ ಇಲ್ಲ.

ಇದೇ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. 2200 ಗುಣಿಸು 1125, ಸೆಕೆಂಡಿಗೆ 60 ಸಲ: 14 ಕೋಟಿ 85 ಲಕ್ಷ ಚುಕ್ಕೆ. 4ಕೆ ಟಿವಿಗೆ ಅದರ ನಾಲ್ಕರಷ್ಟು, 59 ಕೋಟಿ 40 ಲಕ್ಷ. ಹಳೆಯ ಎಚ್‌ಡಿಎಂಐ 1.4ರ ಶಕ್ತಿ 34 ಕೋಟಿಗೆ ಮುಗಿಯುತ್ತದೆ. ಹಳೆಯ ಲ್ಯಾಪ್‌ಟಾಪನ್ನು ಹೊಸ 4ಕೆ ಟಿವಿಗೆ ಹಾಕಿದಾಗ ಮೌಸ್ ತಡವರಿಸುವುದು ಇದರಿಂದ. ಅದು ಸೆಕೆಂಡಿಗೆ 30 ಚಿತ್ರ ಮಾತ್ರ ಕಳಿಸುತ್ತಿರುತ್ತದೆ. ರೆಸಲ್ಯೂಶನ್ 1920ಕ್ಕೆ ಇಳಿಸಿದರೆ ಓಟ ಸರಿಯಾಗುತ್ತದೆ. 2013ರಲ್ಲಿ ಬಂದ 2.0 ಎರಡೂ ಕಡೆ ಇದ್ದರೆ 60 ಬರುತ್ತದೆ. ಆಗ ‘ಪ್ರೀಮಿಯಂ ಹೈ ಸ್ಪೀಡ್’ ಕೇಬಲ್ ತಂದರೆ ಒಳ್ಳೆಯದು. ಕೇಬಲ್ ಸೋತರೆ ಚಿತ್ರ ಮಸುಕಾಗುವುದಿಲ್ಲ. ಬಿಳಿ ಚುಕ್ಕೆಗಳು ಮಿಣುಕುತ್ತವೆ, ಇಲ್ಲವೇ ಪರದೆ ಕ್ಷಣಕಾಲ ಕಪ್ಪಾಗಿ ಮತ್ತೆ ಬರುತ್ತದೆ. ಇವೆರಡು ಕಂಡರೆ ಮೊದಲು ಬೇರೆ ಕೇಬಲ್ ಹಾಕಿ ನೋಡಿ.

ಗುಡುಗು ಮಿಂಚಿನ ದಿನ ಕೇಬಲ್ ಕಿತ್ತಿಡುವುದನ್ನು ಮಾತ್ರ ಮರೆಯಬೇಡಿ. ಡಿಶ್ ವೈರಿನಿಂದ ಟಿವಿಗೆ ಬಂದ ಹೊಡೆತ ಎಚ್‌ಡಿಎಂಐ ಮೂಲಕ ಲ್ಯಾಪ್‌ಟಾಪಿಗೂ ತಲುಪಬಹುದು. ಆ ಪಿನ್‌ಗಳು ಪಳಗಿರುವುದು 5 ವೋಲ್ಟಿಗೆ.

ಇನ್ನು ನಮ್ಮ ಫೋಟೊಗಳ ವಿಷಯ. ಚಿತ್ರವೇನೋ ಬಂತು, ಆದರೆ ನಾಲ್ಕೂ ಅಂಚು ಕತ್ತರಿಸಿತ್ತು. ಕೆಳಗಿನ ಟಾಸ್ಕ್‌ಬಾರ್ ಅರ್ಧ ಮಾಯ. ಇದೂ ಡಬ್ಬಿ ಟಿವಿಯ ಕಾಲದ ಪಳೆಯುಳಿಕೆ. ಆಗ ವೋಲ್ಟೇಜ್ ಏರಿಳಿದರೆ, ಟಿವಿಗೆ ವಯಸ್ಸಾದರೆ ಚಿತ್ರದ ಅಳತೆ ಬದಲಾಗುತ್ತಿತ್ತು. ಅಂಚಿನಲ್ಲಿ ಕಪ್ಪು ಪಟ್ಟಿ ಕಾಣಬಾರದು ಅಂತ ಚಿತ್ರವನ್ನು ಪರದೆಗಿಂತ ತುಸು ದೊಡ್ಡದಾಗಿಯೇ ಬಿಡುತ್ತಿದ್ದರು. ಇದಕ್ಕೆ ಓವರ್‌ಸ್ಕ್ಯಾನ್ ಅನ್ನುತ್ತಾರೆ. ಚಪ್ಪಟೆ ಪರದೆಯಲ್ಲಿ ಪ್ರತಿ ಚುಕ್ಕೆಗೂ ಅದರದೇ ಜಾಗ ಇದೆ, ಹಿಗ್ಗಿಸುವ ಅಗತ್ಯವೇ ಇಲ್ಲ. ಆದರೂ ಎಷ್ಟೋ ಟಿವಿಗಳು ಹಿಗ್ಗಿಸುತ್ತವೆ. ನೂರಕ್ಕೆ 5ರಷ್ಟು ಹಿಗ್ಗಿಸಿದರೂ ಮೇಲೆ ಸುಮಾರು 26, ಕೆಳಗೆ ಸುಮಾರು 26 ಸಾಲು ಹೋಯಿತು. ಚುಕ್ಕೆಗಳ ಜಾಗ ಪಲ್ಲಟವಾಗಿ ಅಕ್ಷರಗಳೂ ಮಸುಕಾಗುತ್ತವೆ.

ಇದನ್ನು ಲ್ಯಾಪ್‌ಟಾಪಿನಲ್ಲಿ ಸರಿಮಾಡಲು ಹೋಗಬೇಡಿ, ಟಿವಿಯಲ್ಲೇ ಮಾಡಿ. ಪಿಕ್ಚರ್ ಸೆಟ್ಟಿಂಗಿನಲ್ಲಿ ಚಿತ್ರದ ಅಳತೆ ಎಲ್ಲಿದೆ ಹುಡುಕಿ. ಎಲ್‌ಜಿ ಅದಕ್ಕೆ ‘ಜಸ್ಟ್ ಸ್ಕ್ಯಾನ್’ ಅನ್ನುತ್ತದೆ, ಸೋನಿ ‘ಫುಲ್ ಪಿಕ್ಸೆಲ್’ ಅನ್ನುತ್ತದೆ. ಕೆಲವು ಟಿವಿಗಳಲ್ಲಿ ಆ ಎಚ್‌ಡಿಎಂಐಗೆ ‘ಪಿಸಿ’ ಅಂತ ಹೆಸರಿಟ್ಟರೂ ಸಾಕು.

ನಾನು ಅದನ್ನು ಬದಲಿಸಿದಾಗ ಪರದೆಯ ಮೇಲೆ ಅಜ್ಜಿಯ ಮದುವೆಯ ಫೋಟೊ ಇತ್ತು. ಚಿತ್ರ ಒಂದಿಷ್ಟು ಕುಗ್ಗಿ ಸರಿಯಾಗಿ ಕೂತಿತು. ಕೆಳಗಿನ ಅಂಚಿನಲ್ಲಿ, ಅಲ್ಲಿಯವರೆಗೆ ಯಾರಿಗೂ ಕಾಣದಿದ್ದ ಒಂದು ಸಾಲು ಮೂಡಿತು. ಮಸಿಯಲ್ಲಿ ಬರೆದ ತಾರೀಖು, ಪಕ್ಕದಲ್ಲಿ ಊರಿನ ಹೆಸರು. “ಅದು ನಿಮ್ಮಜ್ಜನ ಕೈಬರಹ ಕಣೋ” ಅಂದರು ಅಮ್ಮ.