ಪ್ರೊಬೇಷನ್ ಅಧಿಕಾರಿ ಹತ್ತಿರ ಎಲ್ಲ ಹೇಳಿಕೊಳ್ಳಬಹುದಾ?

ಪ್ರಶ್ನೆ: ನನ್ನ ತಮ್ಮನನ್ನು ಕೋರ್ಟ್ ಜೈಲಿಗೆ ಕಳಿಸದೆ ಪ್ರೊಬೇಷನ್ ಮೇಲೆ, ಅಂದರೆ ಷರತ್ತು ಹಾಕಿ ಒಬ್ಬ ಅಧಿಕಾರಿಯ ನಿಗಾದಲ್ಲಿ, ಬಿಟ್ಟಿದೆ. ಅಧಿಕಾರಿ ಚೆನ್ನಾಗಿಯೇ ಮಾತಾಡಿಸುತ್ತಾರೆ. ಆದರೂ ಇವನಿಗೆ ಬಾಯಿ ಬಿಡಲು ಭಯ. ಎಲ್ಲ ಹೇಳಿಕೊಳ್ಳಬಹುದಾ?

ಉತ್ತರ: ನಿಮ್ಮ ತಮ್ಮನ ಭಯದಲ್ಲಿ ಅರ್ಥವಿದೆ. ವಕೀಲರ ಹತ್ತಿರ ಆಡಿದ ಮಾತಿಗೆ ಕಾನೂನಿನ ರಕ್ಷಣೆ ಇರುತ್ತದೆ. ಪ್ರೊಬೇಷನ್ ಅಧಿಕಾರಿ ಹತ್ತಿರ ಆಡಿದ್ದಕ್ಕೆ ಸಾಮಾನ್ಯವಾಗಿ ಆ ರಕ್ಷಣೆ ಇಲ್ಲ. ಹೊಸ ಅಪರಾಧ, ಯಾರಿಗಾದರೂ ಅಪಾಯ, ಷರತ್ತು ಮುರಿದದ್ದು ಇಂಥವನ್ನು ಅವರು ಮೇಲಕ್ಕೆ ತಿಳಿಸಬೇಕಾಗಬಹುದು. ಹೊಸ ಕೇಸಿನ ವಿಷಯವಿದ್ದರೆ ಮೊದಲು ವಕೀಲರನ್ನೇ ಕಾಣಲಿ.

ಹಾಗಂತ ಬಾಯಿಗೆ ಬೀಗ ಹಾಕಿಕೊಂಡು ಕೂರುವುದೂ ತಪ್ಪು. ಈ ಕೆಲಸದಲ್ಲಿ ಕಾವಲು, ಕಾಳಜಿ ಎರಡೂ ಮೊದಲಿನಿಂದಲೇ ಸೇರಿಕೊಂಡಿವೆ. 1841ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಜಾನ್ ಆಗಸ್ಟಸ್ ಎಂಬ ಬೂಟು ತಯಾರಕ ಒಬ್ಬ ಕುಡುಕನಿಗೆ ಜಾಮೀನು ನಿಂತರು. ಕುಡಿತ ಬಿಡಿಸಿ, ಸುಮಾರು ಮೂರು ವಾರದ ಮೇಲೆ ಅವನನ್ನು ಮತ್ತೆ ಕೋರ್ಟಿಗೆ ಕರೆತಂದರು. ಜಡ್ಜ್ ಒಂದು ಸೆಂಟ್ ದಂಡ ಮತ್ತು ಖರ್ಚು ಹಾಕಿ ಬಿಟ್ಟರು. ಬ್ರಿಟನ್ನಿನ 1907ರ ಪ್ರೊಬೇಷನ್ ಕಾಯ್ದೆಯೂ ಅಧಿಕಾರಿಗೆ ಎರಡೂ ಕೆಲಸ ಹೇಳಿತು: ಸಲಹೆ ಕೊಡು, ನೆರವಾಗು, ಸ್ನೇಹದಿಂದಿರು, ನಡತೆಯ ವರದಿಯನ್ನೂ ಕೋರ್ಟಿಗೆ ಕೊಡು.

ಈ ಎರಡನ್ನೂ ಒಬ್ಬರೇ ಹೇಗೆ ನಿಭಾಯಿಸುತ್ತಾರೆ? ಭೇಟಿಗೆ ಬರಬೇಕಾದವನು ಬರಲಿಲ್ಲ ಅಂದುಕೊಳ್ಳಿ. ಹಿಂದಿನ ದಿನವೇ ಫೋನ್ ಮಾಡಿ, 'ಸರ್, ಶಿಫ್ಟ್ ಬದಲಾಗಿದೆ, ಸಂಜೆ ಬರಲಾ?' ಅಂತ ಕೇಳಿದ್ದರೆ ಸಮಯ ಬದಲಿಸಿದರೆ ಮುಗಿಯಿತು. ನಾಲ್ಕು ದಿನ ಪತ್ತೆಯಿಲ್ಲದೆ ಆಮೇಲೆ ಅದೇ ಕಾರಣ ಹೇಳಿದರೆ ಅದು ನೆಪದ ಹಾಗೆ ಕೇಳಿಸುತ್ತದೆ, ಅಲ್ವಾ? ಕುಡಿತದ ವಿಷಯವೂ ಹಾಗೇ. ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮೇಲೆ ಒಪ್ಪಿಕೊಳ್ಳುವುದಕ್ಕಿಂತ, ಮತ್ತೆ ಕುಡಿಯುವ ಆಸೆ ಕಾಡುತ್ತಿದೆ ಅಂತ ಮೊದಲೇ ಹೇಳಿದರೆ ಅಧಿಕಾರಿ ಚಿಕಿತ್ಸೆಯ ದಾರಿ ಹುಡುಕಬಹುದು. ಕೆಲಸ ಹೋದದ್ದು, ಮನೆಯ ಜಗಳ, ಹಳೇ ಗೆಳೆಯರ ಕಾಟ ಇವನ್ನೂ ಹೇಳಲಿ. ಅವರು ನೆರವಾಗಬಲ್ಲದ್ದು ಜಾಸ್ತಿ ಇಲ್ಲೇ.

ಅಧಿಕಾರಿಗೂ ಒಂದು ಹೊಣೆ ಇದೆ. ಷರತ್ತುಗಳ ಪಟ್ಟಿ ಓದಿ, ಸಹಿ ಹಾಕಿಸಿ ಕಳಿಸಿದರೆ ಯಾರೂ ಬದಲಾಗುವುದಿಲ್ಲ. ಕಟ್ಟುನಿಟ್ಟಾಗಿರಲಿ, ಜೊತೆಗೆ ನ್ಯಾಯವಾಗಿಯೂ ಇರಲಿ. ಯಾವ ಮಾತು ತನ್ನಲ್ಲೇ ಉಳಿಯುತ್ತದೆ, ಯಾವುದು ಕೋರ್ಟಿಗೆ ಹೋಗುತ್ತದೆ ಅನ್ನುವುದನ್ನು ಮೊದಲ ದಿನವೇ ಬಿಡಿಸಿ ಹೇಳಬೇಕು. ನಿಮ್ಮ ತಮ್ಮನಿಗೆ ಇದನ್ನು ಯಾರೂ ಹೇಳಿಲ್ಲವಾದರೆ ಮುಂದಿನ ಭೇಟಿಯಲ್ಲಿ ಅವನೇ ನೇರವಾಗಿ ಕೇಳಲಿ. ಹಾಗೆ ಕೇಳುವುದು ತಪ್ಪಲ್ಲ.